ಮೈತುಂಬ ಕಬ್ಬಿಣವೋ, ಬರಿಮೈಯೋ? ಗ್ಲಾಡಿಯೇಟರ್ ಗೇಮ್‌ನಲ್ಲಿ ಮೂರು ಸಜ್ಜುಗಳ ಹೋಲಿಕೆ

ಹಳೆಯ ರೋಮಿನ ಕಣಗಳಲ್ಲಿ ಪ್ರೇಕ್ಷಕರ ಮುಂದೆ ಕಾದಾಡುತ್ತಿದ್ದ ಗ್ಲಾಡಿಯೇಟರ್‌ಗಳ ಗೇಮ್‌ಗಳಲ್ಲಿ ಅಂಗಡಿ ತೆರೆದ ಕೂಡಲೇ ಕಣ್ಣು ಹೋಗುವುದು ರಕ್ಷಣೆಯ ಅಂಕಿಯ ಮೇಲೆ. ಹೆಚ್ಚು ಅಂಕಿ ಇರುವ ಕವಚ ಕೊಳ್ಳುತ್ತೇವೆ, ತೊಡಿಸುತ್ತೇವೆ, ಕಣಕ್ಕೆ ಇಳಿಸುತ್ತೇವೆ. ಅದರ ಪಕ್ಕದಲ್ಲೇ ತೂಕ ಅಂತ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಗಮನವಿಟ್ಟು ನೋಡುವವರು ಕಡಿಮೆ. ಪಂದ್ಯ ಯಾವ ಕಡೆ ವಾಲುತ್ತದೆ ಅನ್ನುವುದನ್ನು ಈ ತೂಕವೇ ಜಾಸ್ತಿ ತೀರ್ಮಾನಿಸುತ್ತದೆ ಎಂದು ನನಗೆ ಈಗ ಖಾತ್ರಿಯಾಗಿದೆ. ಒಟ್ಟು ತೂಕ ಎಷ್ಟು ಅನ್ನುವುದಷ್ಟೇ ಅಲ್ಲ, ಅದನ್ನು ಮೈಯ ಯಾವ ಭಾಗಕ್ಕೆ ಹೇರಿದ್ದೀರಿ ಅನ್ನುವುದೂ ಮುಖ್ಯ.

ಹೆಚ್ಚಿನ ಪರೀಕ್ಷೆಯನ್ನು ನಾನು ಮಾಡಿದ್ದು 'ವಿ ಹೂ ಆರ್ ಅಬೌಟ್ ಟು ಡೈ' ಗೇಮ್‌ನಲ್ಲಿ. 2022ರ ನವೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿ ಸಿದ್ಧವಾಗುವ ಮೊದಲೇ ಆಡಲು ಸಿಗುವ ರೂಪದಲ್ಲಿ, ಬಂದ ಪಿಸಿ ಗೇಮ್ ಇದು. ಇಲ್ಲಿ ಬಟನ್ ಒತ್ತಿದರೆ ಏಟು ಬೀಳುವುದಿಲ್ಲ. ಮೌಸ್ ಯಾವ ಕಡೆ ಎಳೆಯುತ್ತೀರೋ ಆ ಕಡೆ ಕೈ ಬೀಸುತ್ತದೆ. ಆಯುಧ ಎಷ್ಟು ವೇಗದಲ್ಲಿ ಹೋಗಿ ಎಲ್ಲಿ ತಾಗಿತು ಅನ್ನುವುದರ ಮೇಲೆ ಡ್ಯಾಮೇಜ್ ನಿಂತಿದೆ. ಹೆಲ್ಮೆಟ್, ತೋಳಿನ ಕವಚ, ಎದೆಕವಚ, ಕಾಲಿನ ಕವಚ ಎಲ್ಲವನ್ನೂ ಬೇರೆ ಬೇರೆಯಾಗಿ ತೊಡಿಸಬಹುದು. ತೂಕದ ಪರಿಣಾಮ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗಂತೂ ಸಿಕ್ಕಿಲ್ಲ. ಆದಷ್ಟು ಒಂದೇ ಬಗೆಯ ಸ್ಟ್ಯಾಟ್ಸ್ (ಬಲ, ದಮ್ಮು, ಚುರುಕಿನಂಥ ಗುಣಗಳ ಅಂಕಗಳು) ಇರುವ ಹೋರಾಟಗಾರರನ್ನು ಆರಿಸಿಕೊಂಡು, ಸಜ್ಜು ಮಾತ್ರ ಬದಲಿಸುತ್ತಾ ಹೋದೆ.

ಮೊದಲು ಭಾರದ ಸಜ್ಜು. ತಲೆಯಿಂದ ಕಾಲಿನವರೆಗೆ ಲೋಹ, ಕೈಯಲ್ಲಿ ದೊಡ್ಡ ಗುರಾಣಿ, ಇನ್ನೊಂದು ಕೈಯಲ್ಲಿ ಕತ್ತಿ ಅಥವಾ ಗದೆ. ಪಂದ್ಯದ ಮೊದಲ ಭಾಗದಲ್ಲಿ ಇದರಷ್ಟು ನೆಮ್ಮದಿ ಇನ್ನೊಂದಿಲ್ಲ. ಎದುರಾಳಿಯ ಅವಸರದ ಏಟುಗಳು ಕವಚಕ್ಕೆ ತಾಗಿ ಜಾರಿ ಹೋಗುತ್ತವೆ. ಒಂದೆರಡು ಏಟು ತಿಂದು, ಅದೇ ಹೊತ್ತಿನಲ್ಲಿ ಒಂದು ಗಟ್ಟಿ ಏಟು ಕೊಟ್ಟರೂ ಲಾಭ ನಮ್ಮದೇ. ಹಲವರು ಒಟ್ಟಿಗೆ ಹೊಡೆದಾಡುವ ಗುಂಪು ಕಾಳಗದಲ್ಲಂತೂ ಹಿಂದಿನಿಂದ ಬೀಳುವ ಏಟನ್ನು ನೋಡಿ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಅಲ್ಲಿ ಬೆನ್ನಿನ ಮೇಲಿನ ಲೋಹ ಕಾಪಾಡುತ್ತದೆ.

ತೊಂದರೆ ಶುರುವಾಗುವುದು ದಮ್ಮು ಇಳಿಯತೊಡಗಿದಾಗ. ಸ್ಟ್ಯಾಮಿನಾ ಪಟ್ಟಿ ಅರ್ಧಕ್ಕೆ ಬಂದಾಗಲೂ ಎದುರಾಳಿ ಇನ್ನೂ ಚುರುಕಾಗಿ ಸುತ್ತುತ್ತಿದ್ದರೆ, ಮುಂದಿನ ಕಥೆ ಬೇಗ ಕೆಡುತ್ತದೆ. ಭಾರ ಹೊತ್ತವನು ದೂರ ಸರಿದು ಉಸಿರು ತೆಗೆದುಕೊಳ್ಳಲು ಆಗುವುದಿಲ್ಲ, ಯಾಕೆಂದರೆ ಹಗುರದವನು ಅವನಿಗಿಂತ ವೇಗವಾಗಿ ಬೆನ್ನಟ್ಟುತ್ತಾನೆ. ಮುನ್ನುಗ್ಗಿ ಮುಗಿಸಲೂ ಆಗುವುದಿಲ್ಲ, ಹಗುರದವನು ಸುಮ್ನೆ ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು. ಅಂದರೆ ಕಾಳಗ ಯಾವಾಗ ಆಗಬೇಕು, ಯಾವಾಗ ನಿಲ್ಲಬೇಕು ಅನ್ನುವುದು ಪೂರ್ತಿ ಎದುರಾಳಿಯ ಕೈಗೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಭಾರದ ಕವಚಕ್ಕೆ ನಾವು ತೆರುವ ನಿಜವಾದ ಬೆಲೆ ಇದು. ಓಟದ ವೇಗ ಸ್ವಲ್ಪ ಕಡಿಮೆಯಾದರೆ ಏನಂತೆ ಅಂತ ಅನ್ನಿಸಬಹುದು. ಆದರೆ ಇಬ್ಬರ ವೇಗದ ನಡುವೆ ಸಣ್ಣ ಅಂತರ ಇದ್ದರೂ ದೂರವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವವನು ವೇಗದವನೇ.

ಇಲ್ಲಿ ಇನ್ನೊಂದು ಮಾತು. ಕವಚದ ತೂಕ ಬೇರೆ, ಆಯುಧದ ತೂಕ ಬೇರೆ. ಎರಡನ್ನೂ ಕೂಡಿಸಿ ಒಂದೇ ಮೊತ್ತವಾಗಿ ನೋಡುವುದು ಸರಿಯಲ್ಲ. ಕವಚದ ತೂಕ ಕಾಲಿನ ಮೇಲೆ ಕೂರುತ್ತದೆ, ತಿರುಗಿ ಏನನ್ನೂ ಹೊಡೆಯುವುದಿಲ್ಲ. ಆಯುಧದ ತೂಕವಾದರೋ ಏಟಿನ ಜೊತೆ ಎದುರಾಳಿಗೆ ಹೋಗುತ್ತದೆ. ಆದರೆ ಭೌತಶಾಸ್ತ್ರದ ಪ್ರಕಾರ ಚಲಿಸುವ ವಸ್ತುವಿನ ಶಕ್ತಿ ತೂಕ ಎರಡು ಪಟ್ಟಾದರೆ ಎರಡು ಪಟ್ಟಾಗುತ್ತದೆ, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ದಮ್ಮು ಇಲ್ಲದ ಕೈಯಲ್ಲಿ ದೊಡ್ಡ ಗದೆಗಿಂತ, ದಮ್ಮು ಇರುವ ಕೈಯಲ್ಲಿ ಸಾಧಾರಣ ಕತ್ತಿ ವಾಸಿ. ಮೈಮೇಲೆ ಪೂರ್ತಿ ಕವಚ ಹೊತ್ತು, ಅದರ ಮೇಲೆ ಅತಿ ಭಾರದ ಆಯುಧ ಹಿಡಿದವನು ಎರಡರ ಲಾಭವನ್ನೂ ಬೇಗ ಕಳೆದುಕೊಳ್ಳುತ್ತಾನೆ.

ಹಗುರದ ಸಜ್ಜಿಗೆ ಬಂದರೆ, ಅದರ ರುಚಿಯೇ ಬೇರೆ. ಉದ್ದನೆಯ ಈಟಿ, ಮೈಮೇಲೆ ಹೆಚ್ಚೇನಿಲ್ಲ. ದೂರ ಕಾಯ್ದುಕೊಳ್ಳಬೇಕು, ಎದುರಾಳಿಯ ಬೀಸು ಗಾಳಿಗೆ ಹೋದ ಕ್ಷಣದಲ್ಲಿ ಒಳಗೆ ಹೆಜ್ಜೆ ಇಟ್ಟು ಚುಚ್ಚಬೇಕು, ಮತ್ತೆ ಹೊರಗೆ ಬರಬೇಕು. ಒಬ್ಬನೇ ಎದುರಾಳಿ ಇದ್ದಾಗ, ಅದರಲ್ಲೂ ಅವನು ಭಾರ ಹೊತ್ತವನಾಗಿದ್ದರೆ, ಇದು ಬಹಳ ಚೆನ್ನಾಗಿ ನಡೆಯುತ್ತದೆ. ಆಟ ಕೈಗೆ ಹತ್ತಿದ ಮೇಲೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪಂದ್ಯಗಳೆಲ್ಲ ಹೀಗೆ ಆಡಿದವೇ.

ಆದರೂ ಇದನ್ನು ಹೊಸಬರಿಗೆ ಹೇಳಲಾರೆ. ಕಾರಣ ಸರಳ. ಭಾರದ ಸಜ್ಜಿನವನಿಗೆ ಸೋಲು ನಿಧಾನವಾಗಿ ಬರುತ್ತದೆ, ಬರುವುದು ಕಾಣುತ್ತದೆ. ಹಗುರದವನಿಗೆ ಒಂದೇ ಏಟಿನಲ್ಲಿ ಬರಬಹುದು. ಬರಿತಲೆಗೆ ಬಿದ್ದ ಒಂದು ಗದೆಯ ಏಟು, ಅಲ್ಲಿಯವರೆಗೆ ಆಡಿದ ಅಚ್ಚುಕಟ್ಟಾದ ಆಟವನ್ನೆಲ್ಲ ಅಳಿಸಿಬಿಡುತ್ತದೆ. ಸತ್ತರೆ ಆ ಹೋರಾಟಗಾರನ ಬದುಕೇ ಮುಗಿಯುವ, ಮತ್ತೆ ಹೊಸಬನಿಂದ ಶುರುಮಾಡಬೇಕಾದ ಗೇಮ್‌ನಲ್ಲಿ ಇದು ದೊಡ್ಡ ಜೂಜು. ಗುಂಪು ಕಾಳಗದಲ್ಲಿ ಇನ್ನೂ ಕಷ್ಟ. ಅಲ್ಲಿ ದೂರ ಕಾಯ್ದುಕೊಳ್ಳಲು ಜಾಗವೇ ಇರುವುದಿಲ್ಲ. ಒಬ್ಬನಿಂದ ಹಿಂದೆ ಸರಿದರೆ ಇನ್ನೊಬ್ಬನ ಕತ್ತಿಗೆ ಬೆನ್ನು ಕೊಟ್ಟಂತೆ.

ಇವೆರಡರ ನಡುವೆ ನಾನು ಕೊನೆಗೆ ನೆಲೆಸಿದ್ದು ಮೂರನೆಯದರಲ್ಲಿ. ಇದನ್ನು ಮಧ್ಯಮ ತೂಕ ಅಂತ ಕರೆದರೆ ಅರ್ಧ ಮಾತ್ರ ನಿಜ. ಎಲ್ಲ ಭಾಗಕ್ಕೂ ಸಾಧಾರಣ ಕವಚ ತೊಡಿಸುವುದು ನಾನು ಹೇಳುತ್ತಿರುವ ಸಜ್ಜಲ್ಲ. ಅದನ್ನೂ ಆಡಿ ನೋಡಿದೆ. ತಲೆಗೆ ತೆಳು ಹೆಲ್ಮೆಟ್, ಎದೆಗೆ ತೆಳು ಚರ್ಮ, ಕಾಲಿಗೆ ಏನೋ ಒಂದು. ತೂಕ ಬಂತು, ಆದರೆ ದೊಡ್ಡ ಏಟನ್ನು ತಡೆಯುವ ಜಾಗ ಒಂದೂ ಇಲ್ಲ. ಬದಲಿಗೆ ಕೊಂಡುಕೊಳ್ಳಲು ಸಿಗುವ ಅತಿ ಗಟ್ಟಿ ಹೆಲ್ಮೆಟ್ ತೊಡಿಸಿ, ಕತ್ತಿ ಹಿಡಿಯುವ ತೋಳಿಗೆ ಕವಚ ಹಾಕಿ, ಎಡಗೈಗೆ ದೊಡ್ಡ ಗುರಾಣಿ ಕೊಟ್ಟು, ಮುಂದಿನ ಕಾಲಿಗೆ ರಕ್ಷೆ ಕಟ್ಟಿ, ಎದೆಯನ್ನು ಪೂರ್ತಿ ಖಾಲಿ ಬಿಡಿ. ಆಗ ಕಾಳಗದ ಲಯವೇ ಬದಲಾಗುತ್ತದೆ.

ಯಾಕೆ ಅಂತ ಯೋಚಿಸಿದರೆ ಅರ್ಥವಾಗುತ್ತದೆ. ಗುರಾಣಿ ಹಿಂದೆ ನಿಂತವನ ಎದೆಗೆ ಏಟು ಬೀಳುವುದು ಅಪರೂಪ. ಅಲ್ಲಿಗೆ ಇನ್ನೊಂದು ಲೋಹದ ತಟ್ಟೆ ಹಾಕಿದರೆ ಒಂದೇ ಜಾಗವನ್ನು ಎರಡು ಸಲ ಕಾಪಾಡಿದಂತಾಯಿತು. ಎದೆಕವಚ ಸಾಮಾನ್ಯವಾಗಿ ಇಡೀ ಸಜ್ಜಿನಲ್ಲೇ ಭಾರದ ತುಂಡುಗಳಲ್ಲಿ ಒಂದು. ಗುರಾಣಿಯ ಮೇಲೆ ಇಣುಕುವುದು ತಲೆ, ಕೆಳಗೆ ಕಾಣುವುದು ಕಾಲು, ಪಕ್ಕದಿಂದ ಹೊರಗೆ ಬರುವುದು ಹೊಡೆಯುವ ತೋಳು. ಎದುರಾಳಿಯ ಕತ್ತಿಗೆ ಸಿಗುವುದು ಈ ಮೂರೇ. ತೂಕವನ್ನೆಲ್ಲ ಅಲ್ಲಿಗೇ ಕೊಟ್ಟರೆ, ಪೂರ್ತಿ ಕವಚದ ರಕ್ಷಣೆಯಲ್ಲಿ ಬಹುಪಾಲು ಸಿಗುತ್ತದೆ, ದಮ್ಮೂ ಉಳಿಯುತ್ತದೆ.

ನನಗೆ ರೋಮಾಂಚನವಾಗಿದ್ದು ಇದರ ನಂತರ. ಆಟದ ಅಂಕಿಗಳನ್ನು ಹಿಡಿದು ನಾನು ತಲುಪಿದ ಈ ಸಜ್ಜು ಹೆಚ್ಚುಕಮ್ಮಿ ರೋಮಿನ ಮುರ್ಮಿಲೋ ಅನ್ನುವ ಬಗೆಯ ಗ್ಲಾಡಿಯೇಟರ್ ತೊಡುತ್ತಿದ್ದ ಸಜ್ಜೇ! ಮುಖ ಮುಚ್ಚುವ ಅಗಲ ಅಂಚಿನ ಹೆಲ್ಮೆಟ್, ಬಲತೋಳಿಗೆ ಮನಿಕಾ ಅನ್ನುವ ತೋಳುರಕ್ಷೆ, ಎಡಗಾಲಿಗೆ ಓಕ್ರಿಯಾ ಅನ್ನುವ ಕಾಲುರಕ್ಷೆ, ಸ್ಕುಟಮ್ ಅನ್ನುವ ಎತ್ತರದ ಗುರಾಣಿ, ಗಿಡ್ಡ ಕತ್ತಿ. ಎದೆ ಬರಿದು. ಎದೆಗೆ ಚಿಕ್ಕ ಲೋಹದ ತಟ್ಟೆ ಕಟ್ಟಿಕೊಳ್ಳುತ್ತಿದ್ದ ಪ್ರೊವೊಕೇಟರ್‌ನಂಥವರನ್ನು ಬಿಟ್ಟರೆ, ಬಹುತೇಕ ಗ್ಲಾಡಿಯೇಟರ್‌ಗಳು ಬರಿಯೆದೆಯಲ್ಲೇ ಕಾದಾಡುತ್ತಿದ್ದರು. ಪ್ರೇಕ್ಷಕರಿಗೆ ಧೈರ್ಯ ಕಾಣಬೇಕು ಅನ್ನುವುದೂ ಅದಕ್ಕೆ ಕಾರಣ ಇರಬಹುದು. ಆದರೆ ತೂಕದ ಲೆಕ್ಕದಲ್ಲೂ ಅದು ಪಕ್ಕಾ ಸರಿ.

ಹಳೆಯ ರೋಮನ್ ಊರಾದ ಪೊಂಪೆಯಲ್ಲಿ 1766–67ರಲ್ಲಿ ಗ್ಲಾಡಿಯೇಟರ್‌ಗಳ ವಸತಿಯನ್ನು ಅಗೆದಾಗ ಅವರ ಹೆಲ್ಮೆಟ್‌ಗಳೇ ಸಿಕ್ಕವು. ಅಂಥ ಒಂದು ಹೆಲ್ಮೆಟ್ಟಿನ ತೂಕ ಸುಮಾರು 4 ಕಿಲೋ. ರೋಮನ್ ಸೈನಿಕನ ಹೆಲ್ಮೆಟ್ ಅದರ ಅರ್ಧದಷ್ಟೇ. ಸೈನಿಕ ಇಡೀ ದಿನ ನಡೆಯಬೇಕು. ಗ್ಲಾಡಿಯೇಟರ್‌ನ ಪಂದ್ಯ ಮುಗಿಯುವುದು ಸುಮಾರು 10ರಿಂದ 15 ನಿಮಿಷದಲ್ಲಿ. ಅಷ್ಟು ಹೊತ್ತಿಗೆ ತಲೆಯ ಮೇಲೆ 4 ಕಿಲೋ ಹೊರಬಹುದು, ಹೊರಲೇಬೇಕು. ಈಗಿನ ಟರ್ಕಿಯಲ್ಲಿರುವ ಹಳೆಯ ನಗರ ಎಫೆಸಸ್‌ನಲ್ಲಿ 1993ರಲ್ಲಿ ಪತ್ತೆಯಾದ ಗ್ಲಾಡಿಯೇಟರ್‌ಗಳ ಸ್ಮಶಾನದ ತಲೆಬುರುಡೆಗಳಲ್ಲಿ ಮಾರಕ ಏಟುಗಳ ಗುರುತು ಇವೆ. ತಲೆಯ ಮೇಲೆ ಎಷ್ಟು ಜೋರಾಗಿ ಹೊಡೆತ ಬೀಳುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸ್ಕುಟಮ್ ಗುರಾಣಿಯಂತೂ ಸುಮಾರು 6ರಿಂದ 10 ಕಿಲೋ ತೂಗುತ್ತಿತ್ತು. ಅದನ್ನು ಹೊತ್ತವನಿಗೆ ಎದೆಕವಚದ ಭಾರ ಬೇರೆ ಯಾಕೆ, ಅಲ್ವಾ?

ಹಗುರದ ಸಜ್ಜಿಗೂ ರೋಮಿನಲ್ಲಿ ಜೋಡಿ ಇದೆ. ರೆಟಿಯಾರಿಯಸ್ ಅನ್ನುವ ಬಗೆಯ ಗ್ಲಾಡಿಯೇಟರ್ ಬಲೆ, ತ್ರಿಶೂಲ, ಬಾಕು ಹಿಡಿದು, ಎಡತೋಳಿಗೆ ಮನಿಕಾ, ಎಡಭುಜಕ್ಕೆ ಒಂದು ಲೋಹದ ರಕ್ಷೆ ಕಟ್ಟಿಕೊಂಡು ಇಳಿಯುತ್ತಿದ್ದ. ಹೆಲ್ಮೆಟ್ ಇಲ್ಲ. ಅವನ ಎದುರು ನಿಲ್ಲಿಸುತ್ತಿದ್ದುದು ಸೆಕ್ಯುಟರ್ ಅನ್ನುವ ಭಾರದ ಸಜ್ಜಿನವನನ್ನು. ಬಲೆ ಸಿಕ್ಕಿಕೊಳ್ಳದ ನುಣುಪಾದ ಹೆಲ್ಮೆಟ್, ಕಣ್ಣಿಗೆ ಎರಡು ಸಣ್ಣ ತೂತು. ಸೆಕ್ಯುಟರ್ ಬೇಗ ಹತ್ತಿರ ಹೋಗಿ ಮುಗಿಸಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ. ರೆಟಿಯಾರಿಯಸ್ ಓಡಾಡಿಸಿ ದಣಿಸಬೇಕು. ಭಾರದ ಸಜ್ಜು ಮತ್ತು ಹಗುರದ ಸಜ್ಜಿನ ನಡುವೆ ನಾನು ಗೇಮ್‌ನಲ್ಲಿ ಕಂಡ ಎಳೆದಾಟ ಅಕ್ಷರಶಃ ಇದೇ.

ಈಗ ಸ್ಟ್ಯಾಟ್ಸ್ ವಿಷಯ. ಹೆಸರುಗಳು ಗೇಮ್‌ನಿಂದ ಗೇಮ್‌ಗೆ ಬದಲಾಗುತ್ತವೆ. ಆದರೂ ಬಲ, ದಮ್ಮು, ಚುರುಕು ಅನ್ನುವ ಮೂರು ಬಗೆ ಎಲ್ಲ ಕಡೆ ಇರುತ್ತವೆ. ಚುರುಕಿಗೆ ಹಾಕಿದ ಅಂಕ ಭಾರ ಹೊತ್ತವನ ಮೈಯಲ್ಲಿ ಹೆಚ್ಚುಕಮ್ಮಿ ವ್ಯರ್ಥ. ಅದೇ ಅಂಕ ಹಗುರದವನಲ್ಲಿ ಪ್ರತಿ ಹೆಜ್ಜೆಗೂ ಎದ್ದು ಕಾಣುತ್ತದೆ. ದಮ್ಮಿಗೆ ಹಾಕಿದ ಅಂಕ ಮಾತ್ರ ಯಾವ ಸಜ್ಜಿನಲ್ಲೂ ನಷ್ಟವಾಗಲಿಲ್ಲ. ಗೊಂದಲ ಇದ್ದರೆ ಅಲ್ಲಿಗೇ ಹಾಕಿ.

ಬಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಲ ಏರಿದಂತೆ ಹೊರುವ ಸಾಮರ್ಥ್ಯ ಏರುವ ಗೇಮ್‌ಗಳಲ್ಲಿ ಒಂದು ಆಸೆ ಹುಟ್ಟುತ್ತದೆ. ಜಾಗ ಸಿಕ್ಕಿತಲ್ಲ, ಇನ್ನೂ ಭಾರದ ಕವಚ ತೊಡಿಸೋಣ ಅಂತ. ಹಾಗೆ ಮಾಡಿದರೆ ದುಡಿದು ಗಳಿಸಿದ ಬಲವೆಲ್ಲ ಕಬ್ಬಿಣ ಹೊರುವುದಕ್ಕೇ ಹೋಗುತ್ತದೆ. ಸಜ್ಜನ್ನು ಹಾಗೇ ಬಿಟ್ಟು ಬಲ ಏರಿಸಿದಾಗ ನನ್ನ ಹೋರಾಟಗಾರ ಅದೇ ಹೆಲ್ಮೆಟ್, ಅದೇ ಗುರಾಣಿ ಹೊತ್ತು ಮೊದಲಿಗಿಂತ ಹಗುರಾಗಿ ಓಡಿದ. ಏಟಿನ ಬಿರುಸೂ ಹೆಚ್ಚಿತು. ಉಳಿದ ಜಾಗವನ್ನು ಖಾಲಿ ಇಡುವುದೂ ಒಂದು ಸಜ್ಜೇ ಅಂದುಕೊಳ್ಳಿ.

ಇದೆಲ್ಲ ಹೇಳುವಾಗ ಗೇಮ್ ತೂಕವನ್ನು ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. 2022ರಲ್ಲೇ ಬಂದ 'ಎಲ್ಡನ್ ರಿಂಗ್' ತೆಗೆದುಕೊಳ್ಳಿ. ಗ್ಲಾಡಿಯೇಟರ್ ಗೇಮ್ ಅಲ್ಲದಿದ್ದರೂ, ಅದೇ ವರ್ಷದ ಡಿಸೆಂಬರ್‌ನಲ್ಲಿ ಆಟಗಾರರು ಪರಸ್ಪರ ಹೋರಾಡುವ ಕೊಲೋಸಿಯಮ್‌ಗಳು ಅದರಲ್ಲೂ ತೆರೆದವು. ಅಲ್ಲಿ ಏಟು ತಪ್ಪಿಸಿಕೊಳ್ಳುವುದು ನೆಲದ ಮೇಲೆ ಉರುಳಿ. ಮೈಮೇಲಿನ ತೂಕ ಹೊರುವ ಸಾಮರ್ಥ್ಯದ ಶೇ. 30ರೊಳಗೆ ಇದ್ದರೆ ಹಗುರವಾಗಿ ಉರುಳಬಹುದು, 70ರವರೆಗೆ ಮಧ್ಯಮ, ಅದರ ಮೇಲೆ ಭಾರ. ನೂರು ದಾಟಿದರೆ ಉರುಳುವುದೇ ಇಲ್ಲ. ಶೇ. 40 ಹೊತ್ತವನೂ 69 ಹೊತ್ತವನೂ ಒಂದೇ ಬಗೆಯಲ್ಲಿ ಉರುಳುತ್ತಾರೆ. ಹಾಗಾಗಿ ಅಲ್ಲಿ 70ರ ಗೆರೆಯ ಹತ್ತಿರದವರೆಗೆ ಕವಚ ತುಂಬಿಸುವುದೇ ಜಾಣತನ. ಎದೆ ಖಾಲಿ ಬಿಡುವ ನನ್ನ ಸಲಹೆ ಅಲ್ಲಿ ನಡೆಯುವುದಿಲ್ಲ. ಗೆರೆಗಳಿಲ್ಲದೆ ಪ್ರತಿ ತುಂಡಿನ ತೂಕವೂ ಸ್ವಲ್ಪ ಸ್ವಲ್ಪವಾಗಿ ವೇಗ ಮತ್ತು ದಮ್ಮನ್ನು ತಿನ್ನುವ ಗೇಮ್‌ಗಳಿಗೆ ಮಾತ್ರ ಅದು ಸರಿ. ಯಾವ ಬಗೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಒಂದೊಂದೇ ತುಂಡು ತೊಡಿಸುತ್ತಾ ಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ ನೋಡಿ. ವೇಗ ಮೆಟ್ಟಿಲಿನಂತೆ ಇಳಿಯುತ್ತದೋ, ಇಳಿಜಾರಿನಂತೆ ಇಳಿಯುತ್ತದೋ ಅನ್ನುವುದು ಅಲ್ಲೇ ಕಾಣುತ್ತದೆ.

ಯಾರು ಯಾವುದನ್ನು ಆರಿಸಬೇಕು? ಈಗಷ್ಟೇ ಶುರುಮಾಡಿದವರು, ಗುಂಪು ಕಾಳಗ ಜಾಸ್ತಿ ಆಡುವವರು ಭಾರದ ಕಡೆ ಇರಲಿ. ಏಟು ತಿಂದರೂ ಕಲಿಯಲು ಸಮಯ ಸಿಗುತ್ತದೆ. ಒಬ್ಬರಿಗೊಬ್ಬರು ಎದುರಾಗುವ ಪಂದ್ಯಗಳನ್ನೇ ಇಷ್ಟಪಡುವವರು, ಎದುರಾಳಿಯ ಕೈಯ ಚಲನೆ ಓದಲು ಬರುವವರು ಹಗುರದ ಸಜ್ಜು ಹಿಡಿದರೆ ಬೇರೆ ಯಾವುದರಲ್ಲೂ ಸಿಗದ ಖುಷಿ ಸಿಗುತ್ತದೆ. ನಾನಂತೂ ಮುರ್ಮಿಲೋ ಸಜ್ಜನ್ನು ಬಿಡುವುದಿಲ್ಲ. ಅದನ್ನು ಕಟ್ಟಲು ಹೊರಟರೆ ದುಡ್ಡು ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲು ಹೆಲ್ಮೆಟ್. ಆಮೇಲೆ ಗುರಾಣಿ, ಯಾಕೆಂದರೆ ಅದು ಏಟು ತಿಂದು ತಿಂದು ಹಾಳಾಗುತ್ತದೆ, ಹಳೆಯದನ್ನೇ ನಂಬಿಕೊಂಡು ದೊಡ್ಡ ಪಂದ್ಯಕ್ಕೆ ಹೋಗಬಾರದು. ಅದರ ನಂತರ ತೋಳು, ಕಡೆಗೆ ಕಾಲು. ಎರಡು ಕೈಯಲ್ಲಿ ಹಿಡಿಯುವ ಆಯುಧಕ್ಕೆ ಬದಲಾಗುವ ಮನಸ್ಸಿದ್ದರೆ ಮಾತ್ರ ಎದೆಕವಚ ಕೊಳ್ಳಿ. ಗುರಾಣಿ ಹೋದ ಮೇಲೆ ಎದೆ ನಿಜವಾಗಿಯೂ ಬಯಲಾಗುತ್ತದೆ, ಗುರಾಣಿಯ ತೂಕ ಇಳಿದಿರುವುದರಿಂದ ಅದನ್ನು ಹೊರುವ ಶಕ್ತಿಯೂ ಉಳಿದಿರುತ್ತದೆ.