ಸೂಪರ್ 8 ರೀಲಿನಿಂದ 16:9 ವಿಡಿಯೊ: ಯಾವ ದಾರಿಯಲ್ಲಿ ಎಷ್ಟು ಕಳೆದುಕೊಳ್ಳುತ್ತೇವೆ?

ಟಿವಿಯ ಪರದೆ 16:9, ಅಂದರೆ ಎತ್ತರದ 1.78 ಪಟ್ಟು ಅಗಲ. ಮನೆ-ಸಿನಿಮಾಗೆ ಬಳಸುತ್ತಿದ್ದ 8 ಮಿ.ಮೀ. ಅಗಲದ ಫಿಲ್ಮ್ ಸೂಪರ್ 8. ಪ್ರೊಜೆಕ್ಟರ್ ತೋರಿಸುವ ಅದರ ಚಿತ್ರ 4:3, ಅಂದರೆ 1.33 ಪಟ್ಟು. ಈ ಅಂತರ ತುಂಬಲು ಏನಾದರೂ ಬಿಟ್ಟುಕೊಡಲೇಬೇಕು: ಚಿತ್ರದ ಎತ್ತರ, ಪರದೆಯ ಅಗಲ, ಮುಖದ ಆಕಾರ, ಇಲ್ಲವೇ ದುಡ್ಡು. ಕೊಡಕ್ರೋಮ್ 40 ಎಂಬ ಕಲರ್ ಫಿಲ್ಮಿನ ಹಳೆಯ ಮನೆ-ರೀಲುಗಳನ್ನು ಬೇರೆ ಬೇರೆ ವಿಧಾನದಲ್ಲಿ ವಿಡಿಯೊ ಮಾಡಿ, ಅಕ್ಕಪಕ್ಕ ಇಟ್ಟು ನೋಡಿದ ಹೋಲಿಕೆ ಇದು. ಕೊನೆಯ ಎರಡು ವಿಧಾನ ಹೊಸದಾಗಿ ಚಿತ್ರೀಕರಿಸುವವರಿಗೆ ಮಾತ್ರ.

ಮೊದಲು ತಳ್ಳಿಹಾಕಬೇಕಾದವು. 4:3 ಚಿತ್ರವನ್ನು ಹಾಗೇ ಅಡ್ಡಕ್ಕೆ ಎಳೆದರೆ ಅಗಲ 33% ಹೆಚ್ಚುತ್ತದೆ. ಕಾರಿನ ಚಕ್ರ ಮೊಟ್ಟೆಯಾಗುತ್ತದೆ, ಮದುಮಗಳು ದಪ್ಪಗಾಗುತ್ತಾಳೆ. ನಡುವನ್ನು ಬಿಟ್ಟು ಅಂಚುಗಳನ್ನಷ್ಟೇ ಎಳೆಯುವ ಟಿವಿಯ ಆಯ್ಕೆ ಇನ್ನೂ ಕೆಟ್ಟದು. ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗಿದರೆ ಕಂಬಗಳೆಲ್ಲ ಅಂಚಿನಲ್ಲಿ ಹಿಗ್ಗಿ, ನಡುವೆ ಕುಗ್ಗಿ, ಮತ್ತೆ ಹಿಗ್ಗುತ್ತವೆ. ಇಕ್ಕೆಲಗಳಲ್ಲಿ ಅದೇ ಚಿತ್ರದ ಮಸುಕು ಪ್ರತಿಯನ್ನು ತುಂಬುವುದು ಫೋನಿನ ಸ್ಟೇಟಸ್‌ಗೆ ಸಾಕು. ಕೈಯಲ್ಲಿ ಹಿಡಿದು ತೆಗೆದ ರೀಲಾದರೆ ಆ ಮಸುಕೂ ಜೊತೆಗೇ ಕುಣಿಯುತ್ತದೆ, ಕಣ್ಣು ಅತ್ತಲೇ ಹೋಗುತ್ತದೆ.

ಎರಡೂ ಬದಿ ಕಪ್ಪು ಪಟ್ಟಿ ಬಿಡುವುದು ಅತ್ಯಂತ ಪ್ರಾಮಾಣಿಕ ದಾರಿ. ಚಿತ್ರದ ಒಂದು ಕೂದಲೂ ಹೋಗುವುದಿಲ್ಲ. ಆದರೆ ಪಟ್ಟಿಯನ್ನು ಫೈಲಿನೊಳಗೇ ಸೇರಿಸಬೇಡಿ. 1440×1080ರ ಫೈಲು ಕೊಟ್ಟರೆ ಟಿವಿ, ಯೂಟ್ಯೂಬ್ ಎರಡೂ ಪಟ್ಟಿಯನ್ನು ತಾವೇ ಹಾಕಿಕೊಳ್ಳುತ್ತವೆ. ಪಟ್ಟಿ ಸೇರಿಸಿದ 1920×1080 ಫೈಲನ್ನು 4:3 ಐಪ್ಯಾಡಿನಲ್ಲಿ ತೆರೆದರೆ ಮೇಲೆ ಕೆಳಗೂ ಕಪ್ಪು ಬಂದು, ಚಿತ್ರ ನಾಲ್ಕೂ ಕಡೆ ಚೌಕಟ್ಟಿನ ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದೆ ಯಾರಾದರೂ ಕತ್ತರಿಸಬೇಕೆಂದರೂ ಆ ಪಟ್ಟಿ ಅಡ್ಡ ಬರುತ್ತದೆ.

ಬಹುಪಾಲು ಜನ ಕೊನೆಗೆ ಹಿಡಿಯುವುದು ಮೇಲೆ ಕೆಳಗೆ ಕತ್ತರಿಸುವ ದಾರಿ. 4:3ರಿಂದ 16:9ಕ್ಕೆ ಬಂದರೆ ಎತ್ತರದ ಕಾಲು ಭಾಗ ಹೋಗುತ್ತದೆ, 75% ಉಳಿಯುತ್ತದೆ. ಕೆಡುವುದು ಕತ್ತರಿಯಿಂದಲ್ಲ, ಸ್ಕ್ಯಾನಿನಿಂದ. 1440×1080ರಲ್ಲಿ ಸ್ಕ್ಯಾನ್ ಆದ ರೀಲನ್ನು ಕತ್ತರಿಸಿದರೆ ಕೈಗೆ ಸಿಗುವುದು 1440×810. ಅದನ್ನು 1920×1080ಕ್ಕೆ ಹಿಗ್ಗಿಸಬೇಕು, ಅಂದರೆ ಪ್ರತಿ ಗ್ರೇನೂ (ಫಿಲ್ಮಿನ ಕಣವೂ) 1.33 ಪಟ್ಟು ದೊಡ್ಡದು. ಮನೆಯಲ್ಲೇ ಇಟ್ಟು ಬಳಸುವ ಸಣ್ಣ ಸ್ಕ್ಯಾನರ್‌ಗಳು ಬಿಗಿಯಾಗಿ ಒತ್ತಿದ ಎಂಪಿ4 ಕೊಡುವುದರಿಂದ, ಹಿಗ್ಗಿಸಿದ ಕೂಡಲೇ ಆಕಾಶದಲ್ಲಿ, ಬಿಳಿ ಪಂಚೆಯಲ್ಲಿ ಚೌಕ ಚೌಕ ಕಲೆ ಏಳುತ್ತದೆ. ಹಾಗಾಗಿ ಕತ್ತರಿಸುವ ಉದ್ದೇಶವಿದ್ದರೆ ಕನಿಷ್ಠ 1920×1440, ಸಾಧ್ಯವಾದರೆ 2048×1536ರಲ್ಲಿ ಪೂರ್ತಿ ಫ್ರೇಮಿನ ಸ್ಕ್ಯಾನ್ ಕೇಳಿ. ಅಷ್ಟಾಗಿ ಒತ್ತದ ಪ್ರೊರೆಸ್ 422 ಎಚ್‌ಕ್ಯೂ ಬಗೆಯ ಫೈಲಾದರೆ 50 ಅಡಿಯ ಒಂದು ರೀಲಿಗೆ, ಅಂದರೆ 3,600 ಫ್ರೇಮಿಗೆ, ಸುಮಾರು 5 ಜಿಬಿ ಬೇಕು. ಹಾರ್ಡ್ ಡಿಸ್ಕ್ ಕೊಟ್ಟೇ ಕಳಿಸಿ.

ಲ್ಯಾಬಿನ ಫಾರ್ಮಿನಲ್ಲಿ 'ಎಚ್‌ಡಿ 16:9' ಎಂಬ ಕಡೆ ಟಿಕ್ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಪಟ್ಟಿ ಬಿಡುತ್ತೀರೋ, ಕತ್ತರಿಸುತ್ತೀರೋ, ಎಳೆಯುತ್ತೀರೋ? ಮೂರಕ್ಕೂ ಅದೇ ಹೆಸರು ನಡೆಯುತ್ತದೆ. ಸ್ಕ್ಯಾನ್ ಮಾಡುವಾಗಲೇ ಕತ್ತರಿಸಿದರೆ ರೀಲು ಪೂರ್ತಿ ಒಂದೇ ಜಾಗದಲ್ಲಿ, ಸರಿಯಾಗಿ ನಡುವೆ ಕತ್ತರಿ ಬೀಳುತ್ತದೆ. ನಿಂತಿರುವವರ ತಲೆ ಹೋಗಿ ಸೊಂಟದ ಕೆಳಗಿನ ನೆಲ ಉಳಿಯುತ್ತದೆ. ಹೋದ ತಲೆಯನ್ನು ಮತ್ತೆ ತರಬೇಕೆಂದರೆ ಮರುಸ್ಕ್ಯಾನ್ ಒಂದೇ ಗತಿ.

ಕತ್ತರಿಯನ್ನು ಶಾಟಿನಿಂದ ಶಾಟಿಗೆ ಸರಿಸುವುದರಲ್ಲೇ ಈ ವಿಧಾನದ ಗೆಲುವಿದೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಸಾಕು. 1920×1080 ಟೈಮ್‌ಲೈನ್ ಮಾಡಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಇಮೇಜ್ ಸ್ಕೇಲಿಂಗ್‌ನಲ್ಲಿ ಫ್ರೇಮ್ ತುಂಬುವಂತೆ ಕತ್ತರಿಸುವ ಆಯ್ಕೆ ಹಾಕಿ. ರೀಲನ್ನು ಶಾಟುಗಳಾಗಿ ತುಂಡರಿಸಿ, ಒಂದೊಂದಕ್ಕೂ ಇನ್‌ಸ್ಪೆಕ್ಟರ್‌ನಲ್ಲಿ ಪೊಸಿಷನ್‌ನ ವೈ ಅಂಕಿ ಬದಲಿಸಿ. 1440 ಎತ್ತರದ ಚಿತ್ರದಲ್ಲಿ ಹೋಗಬೇಕಾದದ್ದು 360 ಸಾಲು. ಜನರಿರುವ ಶಾಟಿನಲ್ಲಿ ಮೇಲಿನಿಂದ 90, ಕೆಳಗಿನಿಂದ 270 ತೆಗೆದು ಶುರು ಮಾಡಿದರೆ ಹೆಚ್ಚಿನ ಸಲ ಕೂತುಬಿಡುತ್ತದೆ. ಮಗು ತೆವಳುವ ಶಾಟಿಗೆ ಉಲ್ಟಾ. ಒಂದೇ ಶಾಟಿನಲ್ಲಿ ಕ್ಯಾಮೆರಾ ಗೋಪುರದ ಬುಡದಿಂದ ತುದಿಗೆ ಏರುತ್ತಿದ್ದರೆ ಕತ್ತರಿಯನ್ನು ಸರಿಸಬೇಡಿ. ಏರುವ ಚಿತ್ರದ ಮೇಲೆ ಇಳಿಯುವ ಚೌಕಟ್ಟು ತೂರಾಡಿದಂತೆ ಕಾಣುತ್ತದೆ. ಒಂದು ಬೋನಸ್ ಕೂಡ ಇದೆ: ಕ್ಯಾಮೆರಾ ಗೇಟಿನ (ಫಿಲ್ಮಿನ ಮೇಲೆ ಬೆಳಕು ಬೀಳುವ ಕಿಂಡಿಯ) ಮೇಲಂಚು, ಕೆಳಂಚುಗಳಲ್ಲಿ ಸಿಕ್ಕಿದ ಕೂದಲು, ಧೂಳಿನ ಎಳೆಗಳು ಕತ್ತರಿಗೆ ಸಿಕ್ಕಿ ಮಾಯವಾಗುತ್ತವೆ.

ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಮಾಡುವುದಾದರೆ ಅದು ಮೊದಲು, ಕತ್ತರಿ ಆಮೇಲೆ. 2048×1536 ಸ್ಕ್ಯಾನಿನಿಂದ ಹಿಗ್ಗಿಸದೆ ಕುಗ್ಗಿಸದೆ 1920×1080 ತುಂಡು ತೆಗೆದರೆ ಮೇಲೆ ಕೆಳಗೆ ಒಟ್ಟು 456 ಪಿಕ್ಸೆಲ್ ಮಿಗುತ್ತದೆ. ಮೇಲೆ-ಕೆಳಗಿನ ಎಗರಾಟವೆಲ್ಲ ಅದರಲ್ಲೇ ಅಡಗಿಹೋಗುತ್ತದೆ. ಅಡ್ಡಕ್ಕೆ ಮಿಗುವುದು ಬರೀ 128, ಅಂದರೆ ಬದಿಗೆ 64. ಅಡ್ಡ ಅಲುಗಾಟ ಜಾಸ್ತಿಯಿರುವ ರೀಲಿಗೆ ಅಷ್ಟು ಸಾಲದು.

ಅಲ್ಲಿ ನೆರವಿಗೆ ಬರುವುದು ಓವರ್‌ಸ್ಕ್ಯಾನ್, ಅಂದರೆ ತೂತುಗಳೂ ಕಾಣುವಂತೆ ಫಿಲ್ಮಿನ ಅಂಚಿನವರೆಗೆ ಸ್ಕ್ಯಾನ್ ಮಾಡಿಸುವುದು. ಕ್ಯಾಮೆರಾ ಗೇಟು ಪ್ರೊಜೆಕ್ಟರ್ ಗೇಟಿಗಿಂತ ಅಗಲ. ಫಿಲ್ಮಿನ ಮೇಲೆ ನಿಜವಾಗಿ ಇರುವ ಚಿತ್ರ ಸುಮಾರು 1.4ರ ಅನುಪಾತದ್ದು, ಹಾಗಾಗಿ 16:9ಕ್ಕೆ ಕತ್ತರಿಸಿದರೂ ಎತ್ತರದ ಸುಮಾರು 79% ಉಳಿಯುತ್ತದೆ. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ. ಅಂಚಿನ ಗೆರೆ ಒರಟಾಗಿದ್ದರೆ ಒಂದಿಷ್ಟು ಒಳಕ್ಕೆ ಬನ್ನಿ. ಕರಾವಳಿ, ಮಲೆನಾಡಿನ ತೇವದಲ್ಲಿ ಇದ್ದ ರೀಲುಗಳಿಗೆ ಮಾತ್ರ ಇದರ ಲಾಭ ಕಡಿಮೆ. ಬೂಷ್ಟು ಫಿಲ್ಮಿನ ಎರಡು ಪಕ್ಕಗಳಿಂದ ಒಳಕ್ಕೆ ಹಬ್ಬುತ್ತದೆ, ನಾವು ಉಳಿಸಿಕೊಳ್ಳಲು ಹೊರಟಿರುವುದೂ ಆ ಪಕ್ಕಗಳನ್ನೇ.

1965ಕ್ಕಿಂತ ಹಿಂದಿನ ರೆಗ್ಯುಲರ್ 8 (ಸೂಪರ್ 8ಕ್ಕೂ ಮೊದಲಿನ 8 ಮಿ.ಮೀ. ಫಿಲ್ಮ್) ರೀಲಾದರೆ ಕಥೆ ಬೇರೆ, ಇನ್ನೂ ಚೆನ್ನ. ಸೂಪರ್ 8ರಲ್ಲಿ ತೂತು ಫ್ರೇಮಿನ ನಡುಮಟ್ಟದಲ್ಲಿದ್ದರೆ, ಇದರಲ್ಲಿ ಎರಡು ಫ್ರೇಮುಗಳ ನಡುವಿನ ಗೆರೆಯ ಮಟ್ಟದಲ್ಲಿದೆ. ಎಷ್ಟೋ ಕ್ಯಾಮೆರಾಗಳಲ್ಲಿ ಚಿತ್ರ ಎರಡು ತೂತುಗಳ ನಡುವಿನ ಜಾಗಕ್ಕೂ ಚೆಲ್ಲಿರುತ್ತದೆ. ತೂತಿನಿಂದ ತೂತಿಗೆ 3.81 ಮಿ.ಮೀ., ತೂತಿನ ಎತ್ತರ 1.27, ನಡುವೆ 2.54 ಮಿ.ಮೀ. ಖಾಲಿ. 4.5 ಮಿ.ಮೀ. ಅಗಲದ ಫ್ರೇಮನ್ನು 16:9ಕ್ಕೆ ಕತ್ತರಿಸಿದಾಗ ಉಳಿಯುವ ಎತ್ತರ 2.53! ಅಂದರೆ ಕತ್ತರಿ ನಡುವೆ ಬಿದ್ದರೆ ತೂತುಗಳಿರುವ ಮಟ್ಟವೇ ಆಚೆ ಹೋಗುತ್ತದೆ, ಚೆಲ್ಲಿದ ಚಿತ್ರವನ್ನು ಸೇರಿಸಿಕೊಂಡು ಅಗಲವನ್ನು ತುಸು ಹೆಚ್ಚಿಸಬಹುದು. ಚೆಲ್ಲಿದ ಭಾಗದಲ್ಲಿ ಬೆಳಕು ಒಂದೇ ಸಮ ಇರುವುದಿಲ್ಲ ಎಂಬುದಷ್ಟೇ ತಕರಾರು.

ಸ್ಕ್ಯಾನಿಗೆ ಕಳಿಸುವ ಮೊದಲು ವಿನೆಗರ್ ವಾಸನೆ ಬರುವ, ಅಂದರೆ ಕೆಡತೊಡಗಿದ, ರೀಲನ್ನು ಅಳೆದು ನೋಡಿ. ಸೂಪರ್ 8ರ 100 ಫ್ರೇಮು 423 ಮಿ.ಮೀ. ಇರಬೇಕು, 419 ಬಂದರೆ 1% ಕುಗ್ಗಿದೆ. ಅಂಥದ್ದನ್ನು ಹಲ್ಲುಚಕ್ರದ ಯಂತ್ರಕ್ಕೆ ಕೊಡಬೇಡಿ, ತೂತು ಹರಿಯುತ್ತದೆ. ಹಲ್ಲಿಲ್ಲದ ರೋಲರ್‌ಗಳ ಮೇಲೆ ಫಿಲ್ಮ್ ಓಡಿಸುವ ಸ್ಕ್ಯಾನರ್ ಇರುವ ಲ್ಯಾಬ್ ಹುಡುಕಿ.

ಇನ್ನು ಈಗ ಕ್ಯಾಮೆರಾಗೆ ಕಾರ್ಟ್ರಿಡ್ಜ್ ಹಾಕುವವರ ವಿಷಯ. ಅಗಲಿಸಿದ ಗೇಟು, ಅಂದರೆ ಮ್ಯಾಕ್ಸ್ 8 ಅಥವಾ ಸೂಪರ್-ಡ್ಯೂಪರ್ 8 ಎಂದು ಕರೆಯುವ ಪದ್ಧತಿ, ಒಂದು ಕಾಲದಲ್ಲಿ ಧ್ವನಿಪಟ್ಟಿಗೆ ಮೀಸಲಿದ್ದ ಅಂಚನ್ನೂ ಚಿತ್ರಕ್ಕೆ ಬಳಸುತ್ತದೆ. ಅನುಪಾತ ಸುಮಾರು 1.58, 16:9ಕ್ಕೆ ಬಂದಾಗ ಎತ್ತರದ 89% ಉಳಿಯುತ್ತದೆ. ಕೊಡಕ್ 2023ರ ಕೊನೆಗೆ 5,495 ಡಾಲರಿಗೆ ಮಾರಾಟಕ್ಕೆ ತಂದ ಹೊಸ ಕ್ಯಾಮೆರಾದ ಗೇಟು ಕೂಡ ಅಗಲವೇ, 1.5. ಹಳೆಯ ಕ್ಯಾಮೆರಾದ ಗೇಟನ್ನು ಅರದಿಂದ ಉಜ್ಜಿ ಅಗಲಿಸುವವರಿದ್ದಾರೆ. ಅಂಚನ್ನು ನುಣುಪು ಮಾಡದಿದ್ದರೆ ರೀಲಿನುದ್ದಕ್ಕೂ ಒಂದು ಗೀರು ಖಾತ್ರಿ. ಲೆನ್ಸು ಇದ್ದಲ್ಲೇ ಉಳಿದು ಗೇಟು ಒಂದೇ ಬದಿಗೆ ಬೆಳೆಯುವುದರಿಂದ ಜೂಮಿನ ಅಗಲ ತುದಿಯಲ್ಲಿ ಆ ಬದಿಯ ಮೂಲೆ ಕಪ್ಪಾಗುತ್ತದೆ. ವ್ಯೂಫೈಂಡರ್ ಆ ಹೊಸ ಜಾಗವನ್ನು ತೋರಿಸುವುದೂ ಇಲ್ಲ. ಆದರೂ ಎಲ್ಲ ವಿಧಾನಗಳಲ್ಲಿ ಬಳಸಲು ಸುಲಭವಾದದ್ದು, ಫಲ ಕೊಡುವುದು ಇದೇ.

ಅನಾಮಾರ್ಫಿಕ್ ಲೆನ್ಸು, ಅಂದರೆ ಅಗಲದ ದೃಶ್ಯವನ್ನು ಅಡ್ಡಕ್ಕೆ ಹಿಂಡಿ ಫ್ರೇಮಿನೊಳಗೆ ಕೂರಿಸುವ, ಆಮೇಲೆ ವಿಡಿಯೊದಲ್ಲಿ ಬಿಡಿಸಿಕೊಳ್ಳಬೇಕಾದ ಲೆನ್ಸು, ಕಾಗದದ ಮೇಲೆ ಇದಕ್ಕಿಂತ ಮೇಲು: ಫ್ರೇಮು ಪೂರ್ತಿ ಬಳಕೆಯಾಗುತ್ತದೆ, ಏನೂ ಕತ್ತರಿಸಬೇಕಿಲ್ಲ. 1.33 ಪಟ್ಟಿನ ಲೆನ್ಸು 4:3ನ್ನು ಸರಿಯಾಗಿ 16:9 ಮಾಡುತ್ತದೆ. 1.5 ಪಟ್ಟಿನದು 2:1 ಕೊಡುತ್ತದೆ. ಪ್ರೊಜೆಕ್ಟರಿಗೆಂದು ಮಾಡಿದ 2 ಪಟ್ಟಿನ ಹಳೆಯ ಕೋವಾ ಲೆನ್ಸುಗಳಲ್ಲಿ ಬರುವುದು 2.67, ಅದನ್ನು 16:9ಕ್ಕೆ ತರಲು ಎರಡು ಬದಿ ಕತ್ತರಿಸಬೇಕು, ಅಲ್ಲಿಗೆ ಪಟ್ಟ ಶ್ರಮವೇ ವ್ಯರ್ಥ. ಪ್ರೊಜೆಕ್ಟರ್ ಲೆನ್ಸುಗಳಲ್ಲಿ ಫೋಕಸ್ ಎರಡು ಕಡೆ, ಕ್ಯಾಮೆರಾ ಲೆನ್ಸಿನಲ್ಲೊಮ್ಮೆ, ಮುಂದಿನದರಲ್ಲೊಮ್ಮೆ. ಓಡುವ ಮಕ್ಕಳ ಬೆನ್ನು ಹತ್ತುವ ಕೆಲಸಕ್ಕೆ ಇದು ಆಗದು. ಜೂಮನ್ನು ಅಗಲ ತುದಿಯಲ್ಲಿ ಇಟ್ಟರೆ ಮೂಲೆಗಳು ಮುಚ್ಚುತ್ತವೆ, ಹಾಗಾಗಿ ಮೂಲೆ ತೆರೆಯುವವರೆಗೆ ಜೂಮ್ ಒಳಕ್ಕೆ ತನ್ನಿ. ಲೆನ್ಸು ಕೂದಲೆಳೆಯಷ್ಟು ಓರೆಯಾಗಿದ್ದರೂ ಗೋಡೆ, ಬಾಗಿಲು ವಾಲುತ್ತವೆ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹೊತ್ತಿಸಿ ವ್ಯೂಫೈಂಡರ್‌ನಲ್ಲಿ ನೋಡಿ, ಬೆಳಕಿನ ಗೆರೆ ನೇರ ಅಡ್ಡಕ್ಕೆ ಮಲಗುವವರೆಗೆ ಲೆನ್ಸು ತಿರುಗಿಸಿ, ಆಮೇಲೆ ಬಿಗಿ ಮಾಡಿ.

ಸ್ಕ್ಯಾನಿಗೆ ಕೊಡುವಾಗ 'ಬಿಡಿಸಬೇಡಿ, ಇದ್ದ ಹಾಗೇ ಕೊಡಿ' ಎಂದು ಬರೆದು ಕಳಿಸಿ. ಬಿಡಿಸುವಾಗ ಅಗಲವನ್ನು ಹಿಗ್ಗಿಸುವ ಬದಲು ಎತ್ತರವನ್ನು ಕುಗ್ಗಿಸಿ: 1.33 ಪಟ್ಟಿನ ಲೆನ್ಸಿಗೆ 2048×1536 ಹೋಗಿ 2048×1152 ಆಗುತ್ತದೆ, ಗ್ರೇನು ಹಿಗ್ಗುವುದಿಲ್ಲ. ಲೆನ್ಸಿನ ಮೇಲೆ ಬರೆದ ಪಟ್ಟು ಹತ್ತಿರದ ವಸ್ತುಗಳಿಗೆ ನಿಖರವಲ್ಲ, ಫೋಕಸ್ ಹತ್ತಿರ ಬಂದಂತೆ ಹಿಂಡುವಿಕೆ ಕಡಿಮೆಯಾಗುತ್ತದೆ. ಅದಕ್ಕೆ ಪ್ರತಿ ಕಾರ್ಟ್ರಿಡ್ಜಿನ ಆರಂಭದಲ್ಲಿ, ಹೆಚ್ಚಾಗಿ ಚಿತ್ರೀಕರಿಸಲಿರುವ ದೂರದಲ್ಲೇ ಒಂದು ದೊಡ್ಡ ತಟ್ಟೆಯನ್ನು ಗೋಡೆಗೆ ಒರಗಿಸಿ 5 ಸೆಕೆಂಡ್ ತೆಗೆದುಕೊಳ್ಳಿ. 18 ಫ್ರೇಮಿನ ವೇಗದಲ್ಲಿ ಖರ್ಚಾಗುವುದು 90 ಫ್ರೇಮು. ಎಡಿಟಿಂಗ್‌ನಲ್ಲಿ ಆ ತಟ್ಟೆ ದುಂಡಗಾಗುವವರೆಗೆ ಎತ್ತರ ಸರಿಮಾಡಿ, ಅದೇ ಅಂಕಿಯನ್ನು ಉಳಿದ ಶಾಟುಗಳಿಗೂ ಅಂಟಿಸಿ.