ಬೋರ್ ಬ್ರಷ್ಷಿಗೆ ಬೋರ್ ನೀರು ಆಗ್ಬರಲ್ಲ: ಎರಡು ವರ್ಷ ಬಳಸಿದ್ಮೇಲೆ

ಒಮೆಗಾ 10049 ಅನ್ನೋ ಬೋರ್ ಬ್ರಷ್ಷು ತಗೊಂಡು ಈ ಯುಗಾದಿಗೆ ಎರಡು ವರ್ಷ ಆಯ್ತು. ಬೋರ್ ಅಂದ್ರೆ ಹಂದಿ, ಹಂದಿ ಕೂದ್ಲಿನ ಶೇವಿಂಗ್ ಬ್ರಷ್ಷು. ಇಟಲಿಯ ಬೊಲೊನ್ಯಾದ ಕಂಪ್ನಿ, 1931ರಿಂದ ಇದೆ. ಅದಕ್ಕೆ ಮುಂಚೆ ನನ್ನತ್ರ ಇದ್ದಿದ್ದು ಮೂಲೆ ಅಂಗಡಿ ನೈಲಾನ್ ಬ್ರಷ್ಷು, ಅದ್ರಲ್ಲಿ ಉಜ್ಜಿದ್ರೆ ಕೆನ್ನೆ ಮೇಲೆ ಪೊರಕೆ ಆಡಿಸ್ದಂಗೆ.

ಪಾರ್ಸೆಲ್ ಬಂದ ದಿನ ಬಾಕ್ಸ್ ಒಂದ್ಕಡೆ ಜಜ್ಜಿತ್ತು, ಬ್ರಷ್ಷಿಗೇನೂ ಆಗಿರ್ಲಿಲ್ಲ, ಬಿಡಿ. ಬಿಸಿನೀರಲ್ಲಿ ನೆನೆಹಾಕಿದ್ನಾ, ಎರಡು ನಿಮಿಷಕ್ಕೆ ಬಚ್ಚಲು ತುಂಬ ಮಳೇಲಿ ನೆಂದ ಆಡಿನ ವಾಸ್ನೆ. ಅಮ್ಮ ಹೊರಗಿಂದಾನೇ "ಏನೋ ಅದು ಗಬ್ಬುನಾತ?" ಅಂದ್ಲು, ಹಂದಿ ಕೂದ್ಲಮ್ಮ ಅಂದೆ, ಅಷ್ಟೇ, ಇವತ್ತಿಗೂ ನನ್ನ ಶೇವಿಂಗಿಗೆ ಬೇರೆ ಮಗ್ಗು, ಅದನ್ನ ಮನೇಲಿ ಇನ್ಯಾರೂ ಮುಟ್ಟಲ್ಲ.

ವಾಸ್ನೆ ಹತ್ತು ದಿನದಲ್ಲಿ ಹೋಯ್ತು. ದಿನಾ ರಾತ್ರಿ ಅಂಗೈ ಮೇಲೆ ಅಗ್ಗದ ಕ್ರೀಮಲ್ಲಿ ನೊರೆ ಮಾಡಿ, ನೊರೆ ಸಮೇತ ಬೆಳಗಿನವರೆಗೂ ಹಂಗೇ ಬಿಟ್ಟು ತೊಳೀತಿದ್ದೆ. ಮೊದಲ್ನೇ ವಾರ ಹತ್ತು ಹನ್ನೆರಡು ಕೂದ್ಲು ಉದುರಿದ್ವು, ಆಮೇಲೆ ನಿಂತೋಯ್ತು. ಕುದಿಯೋ ನೀರಿಗೆ ಮಾತ್ರ ಹಾಕ್ಬೇಡಿ, ಬುಡದ ಅಂಟು ಬಿಟ್ಕೊಂಡ್ರೆ ಬ್ರಷ್ಷೇ ಹೋಯ್ತು. ಕೈ ಇಟ್ರೆ ತಡ್ಕೊಳೋ ಅಷ್ಟು ಬಿಸಿ ಸಾಕು, ಆದ್ರೆ ನೆನೆಸೋದನ್ನ ತಪ್ಪಿಸ್ಬೇಡಿ. ಈ ಕೂದ್ಲು ನೀರು ಕುಡಿದ್ರೇನೇ ಮೆತ್ತಗಾಗೋದು, ನೈಲಾನ್ ಥರ ಅದ್ದಿ ತಕ್ಷಣ ಉಜ್ಜಕ್ಕೆ ಆಗಲ್ಲ.

ನಿಜವಾದ ತಲೆನೋವು ನೊರೆದು. ಕೆನ್ನೆಗೆ ಒಂದ್ಸಲ ಹಚ್ಚೋ ಅಷ್ಟು ಬರ್ತಿತ್ತು, ಎರಡನೇ ಸಲಕ್ಕೆ ಬ್ರಷ್ ಹಿಂಡಿದ್ರೆ ಬರೀ ಬಿಳಿ ನೀರು. ಹೊಸ ಬೋರ್ ಬ್ರಷ್ಷು ನೊರೆ ನುಂಗುತ್ತೆ ಅಂತ ಗೊತ್ತಿತ್ತು, ಆದ್ರೆ ತಿಂಗಳು ಕಳೆದ್ರೂ ಹಿಂಗೇನಾ ಅಂತ ಬೇಜಾರಾಗಿ ಯಾರಿಗಾದ್ರೂ ಕೊಟ್ಬಿಡೋಣ ಅಂತಾನೂ ಇದ್ದೆ. ಅಷ್ಟರಲ್ಲಿ ತೀರ್ಥಹಳ್ಳಿ ಕಡೆ ಅಜ್ಜಿ ಮನೆಗೆ ಹೋಗೋದಿತ್ತು, ಬ್ಯಾಗಲ್ಲಿ ಇದೂ ಬಂತು. ಹಂಡೆಯಿಂದ ಒಂದು ಚೊಂಬು ಬಾವಿ ನೀರು ತಗೊಂಡು ಅದೇ ಬ್ರಷ್ಷು, ಅದೇ ಕ್ರೀಮು, ಕಡ್ಲೆಕಾಳಷ್ಟೇ ಹಾಕಿದ್ದು, ಮೊಸರು ಕಡೆದಾಗ ಬೆಣ್ಣೆ ಬರುತ್ತಲ್ಲ ಹಂಗೆ ಗಟ್ಟಿ ನೊರೆ ಎದ್ದು ಕಿವಿವರೆಗೂ ಆಯ್ತು! ಮೂರು ಸಲ ಹಚ್ಕೊಂಡ್ರೂ ಮಿಕ್ಕಿತ್ತು.

ಆಗ ತಲೆಗೆ ಹೊಳೀತು. ನಮ್ಮ ಲೇಔಟಿಗೆ ಕಾವೇರಿ ಬಂದಿಲ್ಲ, ಪೂರ್ತಿ ಬೋರ್‌ವೆಲ್. ನಲ್ಲಿ ಮೇಲೆಲ್ಲ ಬಿಳಿ ಕರೆ ಕಟ್ಟಿರುತ್ತೆ, ಆ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಡ್ಡು ಗಸಿ ಆಗ್ಬಿಡುತ್ತೆ, ನೊರೆಗೆ ಸೋಪೇ ಉಳಿಯಲ್ಲ. ಅಷ್ಟು ದಿನ ಬೈದಿದ್ದೆಲ್ಲ ಪಾಪ ಬ್ರಷ್ಷಿಗೆ. ಈಗ ಬೆಂಗಳೂರಲ್ಲಿ ಕುಡಿಯೋ ಕ್ಯಾನಿಂದ ಅರ್ಧ ಲೋಟ ಬಿಸಿ ಮಾಡ್ಕೋತೀನಿ, ಕ್ರೀಮ್ ಮುಂಚೆಗಿಂತ ಅರ್ಧ ಸಾಕು. ಮುಖ ತೊಳಿಯೋಕೆ ಬೋರ್ ನೀರೇ.

ಪಳಗೋಕೆ ನನಗೆ 25-30 ಶೇವ್ ಆಯ್ತು. ಒಂದಿನ ಬಿಸಿಲಿಗೆ ಹಿಡಿದು ನೋಡಿದ್ರೆ ಒಂದೊಂದು ಕೂದ್ಲಿನ ತುದೀನೂ ಎರಡು ಮೂರು ಎಳೆಯಾಗಿ ಸೀಳಿತ್ತು, ಹಾಳಾಯ್ತು ಅನ್ಕೋಬೇಡಿ, ಅದು ಸೀಳಿದ್ಮೇಲೇನೇ ಮುಖಕ್ಕೆ ಹಿತ. ತುದಿ ಮೆತ್ತಗೆ, ಬುಡ ಮಾತ್ರ ಬಿರುಸು, ಎರಡು ದಿನದ ಗಡ್ಡವನ್ನ ಎಬ್ಬಿಸಿ ನಿಲ್ಸುತ್ತೆ.

ಕಂಪ್ಲೇಂಟು ಎರಡಿದೆ. ಸೈಜು ದೊಡ್ದು, ಬುಡದಲ್ಲಿ ಕೂದ್ಲಿನ ಕಟ್ಟು ಹತ್ತತ್ರ 27 ಮಿ.ಮೀ. ದಪ್ಪ ಇದೆ, ನನ್ನಂಥ ಸಣ್ಣ ಮುಖದವರಿಗೆ ಮೂಗಿನ ಕೆಳಗೆ ಹಚ್ಚೋವಾಗ ಬಾಯಿಗೂ ಸ್ವಲ್ಪ ಹೋಗುತ್ತೆ. ಇನ್ನೊಂದು, ಒಣಗೋದು ನಿಧಾನ. ಬೇಸಿಗೇಲಿ ಪರವಾಗಿಲ್ಲ, ಆಷಾಢದಲ್ಲಿ ಅಜ್ಜಿ ಮನೇಲಿ ಎರಡು ದಿನ ಆದ್ರೂ ಬುಡದಲ್ಲಿ ಥಂಡಿ, ಒಂದ್ಸಲ ಒದ್ದೆ ಇರೋವಾಗ್ಲೇ ಡಬ್ಬಿಗೆ ಹಾಕಿ ತಂದು ಮುಗ್ಗಲು ವಾಸ್ನೆ ಬಂದಿತ್ತು. ಅವತ್ತಿಂದ ಚೆನ್ನಾಗಿ ಕೊಡವಿ, ಟವೆಲ್ಲಿಗೆ ಒತ್ತಿ, ಬಚ್ಚಲಿಂದ ಹೊರಗೆ ಕಿಟಕಿ ಹತ್ರ ಇಡ್ತೀನಿ. ಮಳೆಗಾಲಕ್ಕೆ ಇದ್ರದ್ದೇ ಚಿಕ್ಕ ಸೈಜು ಇನ್ನೊಂದು ತಗೊಂಡು ದಿನ ಬಿಟ್ಟು ದಿನ ಬಳಸೋಣ ಅಂತಿದೀನಿ, ಅಮ್ಮನಿಗೆ ಇನ್ನೂ ಹೇಳಿಲ್ಲ.