ಉಪ್ಪು ಕಮ್ಮಿ ಮಾಡಿದ ಸಾರಿಗೆ ಯಾವ ಹುಳಿ?

ಅಪ್ಪನ ಬಿಪಿ ಏರಿದ ಮೇಲೆ ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದರು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಅಷ್ಟೇ. ಮೊದಲ ವಾರ ಸುಮ್ನೆ ಎಲ್ಲದಕ್ಕೂ ಅರ್ಧ ಉಪ್ಪು ಹಾಕಿ ಬಡಿಸಿದೆ. "ಇದೇನು, ಆಸ್ಪತ್ರೆ ಊಟವಾ?" ಅಂದರು. ನಾನು ಆಚೆ ಹೋದ ಕೂಡಲೇ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದ್ದರು.

ಸೋಡಿಯಂ ಕಡಿಮೆ ಇರುವ ಉಪ್ಪು ತರೋಣ ಅಂದುಕೊಂಡೆ. ಆದರೆ ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಅದನ್ನು ಅಲ್ಲಿಗೇ ಬಿಟ್ಟೆ.

ಉಳಿದದ್ದು ಹುಳಿ. ಹುಳಿ ಹದವಾಗಿದ್ದರೆ ಉಪ್ಪು ಕಮ್ಮಿ ಇರುವುದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಮಡಿಕೇರಿಯ ನಮ್ಮ ಅಡುಗೆಮನೆಯಲ್ಲಿ ಮೂರು ಹುಳಿ ಇವೆ: ಹುಣಸೆ, ನಿಂಬೆ, ಮತ್ತೆ ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿ. ಒಂದು ಭಾನುವಾರ ಮುಕ್ಕಾಲು ಕೆಜಿ ಕೋಳಿಯನ್ನು ಮೂರು ಪಾಲು ಮಾಡಿ ಮೂರು ಪಾತ್ರೆಯಲ್ಲಿಟ್ಟೆ. ಒಂದೊಂದಕ್ಕೂ ಕಾಲು ಚಮಚ ಉಪ್ಪು, ಒಂದು ಚಮಚ ಎಣ್ಣೆ. ಮಸಾಲೆ ಮೂರಕ್ಕೂ ಒಂದೇ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಚೂರು ಸಾಸಿವೆ, ನಾಲ್ಕು ಕಾಳು ಮೆಂತ್ಯ. ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಹುರಿದ ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿದ್ದು. ಎಣ್ಣೆ ಕಮ್ಮಿ ಅನ್ನುವುದನ್ನು ಮರೆಸುವುದು ಈ ಹುರಿಯುವ ಕೆಲಸವೇ. ಅಲ್ಲಿ ಆತುರ ಪಟ್ಟರೆ ಮುಂದಿನದ್ದೆಲ್ಲ ದಂಡ.

ಹುಣಸೆ ನಿರಾಸೆ ಮಾಡಿತು. ಹುಳಿ ಬಂತು, ಆದರೆ ಅದರ ಜೊತೆ ಒಂದು ಮಂಕು ಸಿಹಿಯೂ ಬಂತು. ಇನ್ನೊಂದು ಚಿಟಿಕೆ ಉಪ್ಪು ಬೇಕು ಅಂತ ಕೈ ಚಾಚುವ ಹಾಗಾಯಿತು. ಇನ್ನೊಂದು ಸಲ ಅವಸರದಲ್ಲಿ ಅಂಗಡಿಯ ಹುಣಸೆ ಪೇಸ್ಟ್ ತಂದೆ. ಮನೆಗೆ ಬಂದು ಲೇಬಲ್ ಓದಿದರೆ ಅದರಲ್ಲೇ ಉಪ್ಪಿತ್ತು!

ನಿಂಬೆ ಮೊದಲ ತುತ್ತಿಗೆ ಚೆನ್ನಾಗಿತ್ತು. ಒಲೆ ಆರಿಸಿದ ಮೇಲೇ ಹಿಂಡಬೇಕು, ಕುದಿಸಿದರೆ ಕಹಿ. ಆದರೆ ಹುರಿದ ಮಸಾಲೆಯ ಎದುರು ಅದು ನಿಲ್ಲಲಿಲ್ಲ. ಹುಳಿ ಒಂದು ಕಡೆ, ಸಾರು ಒಂದು ಕಡೆ. ಸಂಜೆ ಬಿಸಿ ಮಾಡಿದಾಗ ಘಮ ಹೋಗಿತ್ತು. ಬೀನ್ಸ್ ಪಲ್ಯಕ್ಕೆ, ಸೌತೆಕಾಯಿ ಕೋಸಂಬರಿಗೆ ಮಾತ್ರ ನಿಂಬೆಯನ್ನು ಮೀರಿಸುವ ಹುಳಿ ಇಲ್ಲ. ಅಲ್ಲಿ ಉಪ್ಪೇ ಹಾಕದೆ ದಾಟಿಸಿದ್ದೇನೆ.

ಕಾಚಂಪುಳಿ ಮಲೆನಾಡಿನವರು ಉಪ್ಪಾಗೆ ಅನ್ನುವ ಹಣ್ಣಿನದ್ದು. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿ ತುಂಬಿಟ್ಟರೆ ಅದು ಕೊಳೆತು ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ. ತೂಕ ಇಳಿಸುತ್ತೆ ಅಂತ ಮಾರುವವರ ಮಾತು ನಾನು ನಂಬುವುದಿಲ್ಲ, ನನಗೆ ಬೇಕಾದದ್ದು ರುಚಿ. ಕೋಳಿ ಬೆಂದ ಮೇಲೆ ಅರ್ಧ ಚಮಚ ಹಾಕಿ ಎರಡು ನಿಮಿಷ ಕುದಿಸಿದೆ. ಸಾರಿನ ಬಣ್ಣ ಕಪ್ಪಾಯಿತು, ಹೊಗೆಯ ಹಾಗೊಂದು ವಾಸನೆ ಎದ್ದಿತು, ಮೆಣಸಿನ ಖಾರ ಗಂಟಲಲ್ಲಿ ನಿಂತಿತು. ಅಪ್ಪನಿಗೆ ಮೂರರಲ್ಲಿ ಯಾವುದು ಏನು ಅಂತ ಹೇಳಿರಲಿಲ್ಲ. ಈ ಬಟ್ಟಲು ಮುಗಿಸಿ, "ಇದಕ್ಕೆ ಉಪ್ಪು ಸರಿಯಾಗಿ ಹಾಕಿದ್ದೀಯ ನೋಡು" ಅಂದರು. ನಾನು ಸುಮ್ಮನಿದ್ದೆ.

ತೊಂದರೆ ಇಲ್ಲ ಅಂತಲ್ಲ. ಒಂದು ಸಲ ಚಮಚ ತುಂಬಿ ಹಾಕಿಬಿಟ್ಟು ಹಲ್ಲು ಜುಮ್ಮೆನ್ನುವ ಹಾಗಾಯಿತು. ನೀರು ಬೆರೆಸಿದರೂ ಸರಿಹೋಗಲಿಲ್ಲ. ಶುಕ್ರವಾರದ ಸಂತೆಯಲ್ಲಿ ತಂದ ಒಂದು ಬಾಟಲಿಯಂತೂ ನೀರು ನೀರಾಗಿತ್ತು. ಬಾಟಲಿ ಓರೆ ಮಾಡಿದರೆ ಜೇನಿನ ಹಾಗೆ ನಿಧಾನಕ್ಕೆ ಇಳಿಯಬೇಕು. ಈಗ ಪಕ್ಕದ ಮನೆಯ ಆಂಟಿ ಕಾಯಿಸಿದ್ದನ್ನೇ ಇಸ್ಕೊಳ್ಳುತ್ತೇನೆ. ಅವರು ಕೊಡುವಾಗ "ಹಂದಿ ಸಾರಿಗೆ ಹಾಕದೆ ಕೋಳಿಗೆ ಹಾಕ್ತೀಯಲ್ಲ" ಅಂತ ನಗುತ್ತಾರೆ. ಅಣಬೆಗೂ ಹಾಕಿ ನೋಡಿದೆ, ಕೋಳಿಗಿಂತ ಚೆನ್ನಾಗಿ ಹೊಂದಿತು. ಅಕ್ಕಿ ತರಿಯ ಉಂಡೆ ಕಡಂಬುಟ್ಟಿನ ಜೊತೆ ಇನ್ನೂ ಚೆನ್ನ.

ಹುಣಸೆ ಡಬ್ಬ ಮೇಲಿನ ಶೆಲ್ಫಿಗೆ ಹೋಗಿದೆ. ರಸಂ ಮಾಡುವ ದಿನ ಸ್ಟೂಲ್ ಹತ್ತಿ ಇಳಿಸುತ್ತೇನೆ. ಉಪ್ಪಿನಕಾಯಿ ಜಾಡಿಯೂ ಅಲ್ಲೇ ಇದೆ, ಅಪ್ಪನ ಕೈಗೆ ಎಟುಕದ ಹಾಗೆ.